ಒಂದೇ ಕಡೆ ಮೂಗು ಕಟ್ಟುತ್ತಿದೆಯೇ? ದುರ್ಮಾಂಸವೋ, ಗಡ್ಡೆಯೋ, ಕ್ಯಾನ್ಸರೋ: ಸ್ಕ್ಯಾನ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ವಿಶಾಖಪಟ್ಟಣದ ಒನ್ ಟೌನ್ ಇರಲಿ, ವಿಜಯವಾಡದ ಒನ್ ಟೌನ್ ಇರಲಿ, ನಮ್ಮ ಬಳ್ಳಾರಿ, ರಾಯಚೂರು ಇರಲಿ, ಮೂಗು ಕಟ್ಟಿದರೆ ಜನ ಹೇಳುವ ಮಾತು ಒಂದೇ: 'ಸೈನಸ್ ಇರಬೇಕು ಬಿಡಿ'. ಎರಡೂ ನಗರಗಳಲ್ಲಿ ಒನ್ ಟೌನ್ ಎಂದರೆ ಹಳೆಯ ಊರು. ವಿಶಾಖಪಟ್ಟಣದ್ದು ಬಂದರಿಗೆ ಅಂಟಿಕೊಂಡಿದ್ದರೆ, ವಿಜಯವಾಡದ್ದು ಕಾಳೇಶ್ವರರಾವ್ ಮಾರುಕಟ್ಟೆಯ ಗದ್ದಲದ ನಡುವೆ ಇದೆ. ಸಮುದ್ರದ ತೇವ, ಅಂಗಡಿ ಸಾಲಿನ ದೂಳು, ಲಾರಿಗಳ ಹೊಗೆ ಹೀಗೆ ಮೂಗು ಕಟ್ಟುವುದಕ್ಕೆ ಕಾರಣಗಳಿಗೇನೂ ಬರವಿಲ್ಲ. ಮೆಡಿಕಲ್ ಶಾಪ್‌ನಿಂದ ಡ್ರಾಪ್ಸ್ ತಂದು ಹಾಕಿಕೊಂಡರೆ ಎರಡು ದಿನ ನೆಮ್ಮದಿ.

ಬಹುಪಾಲು ಜನರ ವಿಷಯದಲ್ಲಿ ಈ ಊಹೆ ಸರಿಯೇ. ಆದರೆ ಒಂದೇ ಹೊಳ್ಳೆ ವಾರಗಟ್ಟಲೆ ಕಟ್ಟಿದ್ದು, ಅದೇ ಕಡೆಯಿಂದ ಆಗಾಗ ರಕ್ತವೂ ಬರುತ್ತಿದ್ದರೆ ಲೆಕ್ಕ ಬೇರೆ. ಆಗ ಮೂಗಿನೊಳಗೆ ಏನೋ ಬೆಳೆದಿರಬಹುದು. ಅದು ನಿರುಪದ್ರವಿ ಪಾಲಿಪ್ ಆಗಿರಬಹುದು, ಫಂಗಸ್ ಆಗಿರಬಹುದು, ಕ್ಯಾನ್ಸರ್ ಕೂಡ ಆಗಿರಬಹುದು. ಹೊರಗಿನಿಂದ ನೋಡಿದರೆ ಇವೆಲ್ಲ ಹೆಚ್ಚೂಕಡಿಮೆ ಒಂದೇ ರೀತಿ ಕಾಣುತ್ತವೆ. ಇವುಗಳನ್ನು ಬೇರ್ಪಡಿಸಲು ವೈದ್ಯರಿಗೆ ನೆರವಾಗುವುದು ಸಿಟಿ ಮತ್ತು ಎಂಆರ್‌ಐ ಸ್ಕ್ಯಾನ್. ಈ ಸ್ಕ್ಯಾನ್‌ಗಳಲ್ಲಿ ಏನು ಕಾಣುತ್ತದೆ, ಯಾವುದು ಯಾವುದರಂತೆ ಕಂಡು ದಾರಿ ತಪ್ಪಿಸುತ್ತದೆ, ರೋಗಿಯ ಮನೆಯವರು ಏನು ತಿಳಿದಿರಬೇಕು ಎಂಬ ಮಾಹಿತಿ ಇಲ್ಲಿದೆ.

ಮುಖ್ಯಾಂಶಗಳು

- ಎರಡೂ ಕಡೆ ಮೂಗು ಕಟ್ಟುವುದು ಸಾಮಾನ್ಯ. ಒಂದೇ ಕಡೆ ಕಟ್ಟಿ, ಬಿಡದೇ ಇದ್ದರೆ ಇಎನ್‌ಟಿ ವೈದ್ಯರಿಗೆ ತೋರಿಸಬೇಕು.
- ಸಿಟಿ ಸ್ಕ್ಯಾನ್ ಮೂಳೆಯ ಸ್ಥಿತಿ ಹೇಳುತ್ತದೆ. ಎಂಆರ್‌ಐ ಮೆದು ಭಾಗಗಳ ಸ್ಥಿತಿ ಹೇಳುತ್ತದೆ. ಅನೇಕರಿಗೆ ಎರಡೂ ಬೇಕಾಗುತ್ತವೆ.
- ಗಡ್ಡೆಯ ಹೆಸರನ್ನು ಖಚಿತವಾಗಿ ಹೇಳುವುದು ಬಯಾಪ್ಸಿ.
- ಕೆಲವು ಗಡ್ಡೆಗಳಿಗೆ ಸ್ಕ್ಯಾನ್ ಮಾಡದೆ ಬಯಾಪ್ಸಿ ಮಾಡಿದರೆ ಜೀವಕ್ಕೇ ಅಪಾಯ.

ಯಾವಾಗ ಅನುಮಾನ ಪಡಬೇಕು?

ಮೂಗು ಮತ್ತು ಸೈನಸ್‌ಗಳ ಕ್ಯಾನ್ಸರ್ ಅಪರೂಪ. ತಲೆ ಮತ್ತು ಕುತ್ತಿಗೆ ಭಾಗದ ಕ್ಯಾನ್ಸರ್‌ಗಳಲ್ಲಿ ಇದರ ಪಾಲು ಸುಮಾರು ಶೇ 3ರಿಂದ 5 ಮಾತ್ರ. ಆದರೂ ಇದಕ್ಕೆ ವೈದ್ಯರು ಹೆದರುವುದು ಬೇರೆ ಕಾರಣಕ್ಕೆ. ಸೈನಸ್ ಎಂದರೆ ಗಾಳಿ ತುಂಬಿದ ಖಾಲಿ ಕೋಣೆ. ಅಲ್ಲಿ ಗಡ್ಡೆ ಬೆಳೆಯಲು ಬೇಕಾದಷ್ಟು ಜಾಗವಿದೆ. ಕೋಣೆ ತುಂಬುವವರೆಗೂ ನೋವಿಲ್ಲ, ಊತವಿಲ್ಲ. ಹೀಗಾಗಿ ಅನೇಕರು ಆಸ್ಪತ್ರೆಗೆ ಬರುವ ಹೊತ್ತಿಗೆ ರೋಗ ಗೋಡೆ ದಾಟಿರುತ್ತದೆ.

ಈ ಲಕ್ಷಣಗಳಿದ್ದರೆ ತಡ ಮಾಡಬೇಡಿ:

- ಒಂದೇ ಹೊಳ್ಳೆ ಕಟ್ಟಿದ್ದು, ಔಷಧಕ್ಕೂ ಬಗ್ಗದಿರುವುದು
- ಒಂದೇ ಕಡೆಯಿಂದ ಮತ್ತೆ ಮತ್ತೆ ರಕ್ತ, ಇಲ್ಲವೇ ರಕ್ತ ಬೆರೆತ ಸಿಂಬಳ
- ಕೆನ್ನೆ ಮರಗಟ್ಟುವುದು, ಮುಖದ ಒಂದು ಬದಿ ಊದಿಕೊಳ್ಳುವುದು
- ಕಣ್ಣು ಮುಂದೆ ಬಂದಂತೆ ಕಾಣುವುದು, ಒಂದು ವಸ್ತು ಎರಡಾಗಿ ಕಾಣುವುದು, ಸದಾ ಕಣ್ಣೀರು
- ಮೇಲಿನ ಹಲ್ಲುಗಳು ಕಾರಣವಿಲ್ಲದೆ ಸಡಿಲವಾಗುವುದು, ಅಂಗಳದಲ್ಲಿ ಗಂಟು
- ದೊಡ್ಡವರಲ್ಲಿ ಒಂದೇ ಕಿವಿ ಮುಚ್ಚಿದಂತಾಗುವುದು, ಕುತ್ತಿಗೆಯಲ್ಲಿ ಗಂಟು

ವರ್ಷಗಟ್ಟಲೆ ಮರದ ಪುಡಿಯಲ್ಲಿ ಕೆಲಸ ಮಾಡುವ ಬಡಗಿಗಳು ಮತ್ತು ಚರ್ಮದ ದೂಳಿನಲ್ಲಿ ದುಡಿಯುವವರಿಗೆ ಅಪಾಯ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮರದ ದೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಗಟ್ಟಿ ಮರದ ದೂಳಿಗೂ ಮೂಗಿನ ಮೇಲ್ಭಾಗದ ಸೈನಸ್‌ನಲ್ಲಿ ಬರುವ ಅಡಿನೋಕಾರ್ಸಿನೋಮಕ್ಕೂ ಇರುವ ನಂಟು ಎಲ್ಲಕ್ಕಿಂತ ಗಟ್ಟಿಯಾಗಿ ಸಾಬೀತಾಗಿದೆ. ವೈದ್ಯರು ನಿಮ್ಮ ಕಸುಬು ಕೇಳದಿದ್ದರೂ ನೀವಾಗಿ ಹೇಳಿ.

ಮೂಗಿನ ನೆರೆಹೊರೆ

ಸ್ಕ್ಯಾನ್ ಯಾಕೆ ಬೇಕು ಎಂಬುದು ಮೂಗಿನ ನೆರೆಹೊರೆ ನೋಡಿದರೆ ಅರ್ಥವಾಗುತ್ತದೆ. ಮೂಗಿನ ಎರಡೂ ಬದಿಗೆ ನಾಲ್ಕು ಜೋಡಿ ಸೈನಸ್‌ಗಳಿವೆ. ಕಣ್ಣಿನ ಗೂಡಿಗೂ ಮೂಗಿಗೂ ನಡುವೆ ಇರುವ ಮೂಳೆ ಕಾಗದದಷ್ಟು ತೆಳು. ಮೂಗಿನ ಛಾವಣಿಯ ಮೇಲೆಯೇ ಮೆದುಳು ಕುಳಿತಿದೆ. ಆ ಛಾವಣಿಯಲ್ಲಿ ಜರಡಿಯಂತೆ ಸಣ್ಣ ಸಣ್ಣ ತೂತುಗಳಿದ್ದು, ವಾಸನೆಯ ನರಗಳು ಅವುಗಳ ಮೂಲಕ ಕೆಳಗಿಳಿಯುತ್ತವೆ. ಹಿಂಬದಿಯಲ್ಲಿ ಮುಖದ ನರಗಳು ಹಾದುಹೋಗುವ ಕಿರಿದಾದ ಸಂದಿ ಇದೆ.

ಎಂಡೋಸ್ಕೋಪ್ ಎಂಬ ಸಣ್ಣ ಕೊಳವೆ ಕ್ಯಾಮೆರಾ ಹಾಕಿ ನೋಡಿದರೆ ವೈದ್ಯರಿಗೆ ಗಡ್ಡೆಯ ಮುಂಭಾಗ ಮಾತ್ರ ಕಾಣುತ್ತದೆ. ಅದರ ಬುಡ ಎಲ್ಲಿದೆ, ಕಣ್ಣಿನ ಗೋಡೆ ಉಳಿದಿದೆಯೇ, ಮೆದುಳಿನ ಹೊದಿಕೆ ಮುಟ್ಟಿದೆಯೇ ಎಂಬುದನ್ನು ಸ್ಕ್ಯಾನ್ ಹೇಳಬೇಕು. ಆಪರೇಷನ್ ಸಾಧ್ಯವೇ, ಕಣ್ಣು ಉಳಿಸಬಹುದೇ ಎಂಬ ತೀರ್ಮಾನಗಳು ನಿಲ್ಲುವುದು ಇದರ ಮೇಲೆಯೇ.

ಯಾವ ಸ್ಕ್ಯಾನ್ ಏನು ತೋರಿಸುತ್ತದೆ?

*ಎಕ್ಸ್‌ರೇ:* ಹಿಂದೆ ಸೈನಸ್ ಎಂದರೆ ಮೊದಲು ಎಕ್ಸ್‌ರೇ ಬರೆದುಕೊಡುತ್ತಿದ್ದರು. ಮೂಳೆಗಳೆಲ್ಲ ಒಂದರ ಮೇಲೊಂದು ಬಿದ್ದು ಕಾಣುವುದರಿಂದ ಗಡ್ಡೆಯ ಪತ್ತೆಗೆ ಇದರ ಉಪಯೋಗ ಅಷ್ಟಕ್ಕಷ್ಟೇ. ಎಕ್ಸ್‌ರೇ ಸರಿಯಿದೆ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ.

*ಸಿಟಿ ಸ್ಕ್ಯಾನ್:* ಎಕ್ಸ್‌ರೇಯ ಈ ಕೊರತೆಯನ್ನು ನೀಗಿಸಿದ್ದು ಸಿಟಿ. 1971ರಲ್ಲಿ ಲಂಡನ್‌ನಲ್ಲಿ ಮೊದಲ ರೋಗಿಯ ತಲೆಯ ಸ್ಕ್ಯಾನ್ ನಡೆಯಿತು. ಇದನ್ನು ರೂಪಿಸಿದ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅವರಿಗೆ ಅಲನ್ ಕಾರ್ಮ್ಯಾಕ್ ಜೊತೆ 1979ರಲ್ಲಿ ನೊಬೆಲ್ ಬಂತು. ಇಂದಿನ ಯಂತ್ರ ಮುಖವನ್ನು ಒಂದು ಮಿಲಿಮೀಟರ್‌ಗಿಂತ ತೆಳುವಾದ ಹೋಳುಗಳಾಗಿ ತೋರಿಸುತ್ತದೆ. ಮೂಳೆ ಸವೆದಿದೆಯೇ, ಒಡೆದಿದೆಯೇ, ಗಡ್ಡೆಯೊಳಗೆ ಸುಣ್ಣ ಕಟ್ಟಿದೆಯೇ ಎಂಬುದಕ್ಕೆ ಸಿಟಿಯೇ ಉತ್ತಮ. ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ.

ಸಿಟಿಯಲ್ಲಿ ರೇಡಿಯಾಲಜಿಸ್ಟ್ ಮೊದಲು ನೋಡುವುದು ಮೂಳೆಯನ್ನೇ. ನಿಧಾನವಾಗಿ ಬೆಳೆಯುವ ಗಡ್ಡೆ ಮೂಳೆಯನ್ನು ತಳ್ಳಿ ಬಾಗಿಸುತ್ತದೆ. ಮರದ ಬೇರು ಕಾಂಪೌಂಡ್ ಗೋಡೆಯನ್ನು ಉಬ್ಬಿಸಿದ ಹಾಗೆ. ವೇಗವಾಗಿ ಬೆಳೆಯುವ ಕ್ಯಾನ್ಸರ್ ಮೂಳೆಯನ್ನು ಗೆದ್ದಲಿನಂತೆ ತಿಂದುಹಾಕುತ್ತದೆ. ಈ ವ್ಯತ್ಯಾಸ ದೊಡ್ಡ ಸುಳಿವು. ಆದರೆ ಇದೊಂದನ್ನೇ ನಂಬುವಂತಿಲ್ಲ, ಯಾಕೆಂದರೆ ಕೆಲವು ಫಂಗಸ್ ಸೋಂಕುಗಳೂ ಮೂಳೆ ತಿನ್ನುತ್ತವೆ, ಕೆಲವು ಕ್ಯಾನ್ಸರ್‌ಗಳು ಬರೀ ಬಾಗಿಸುತ್ತವೆ.

*ಎಂಆರ್‌ಐ:* ಸಿಟಿಯಲ್ಲಿ ಗಡ್ಡೆಯೂ, ಅದರ ಹಿಂದೆ ಸೈನಸ್‌ನಲ್ಲಿ ಕಟ್ಟಿನಿಂತ ಸಿಂಬಳವೂ ಒಂದೇ ಬೂದು ಬಣ್ಣದಲ್ಲಿ ಕಾಣುತ್ತವೆ. ಎಂಆರ್‌ಐ ಇವೆರಡನ್ನೂ ಬೇರ್ಪಡಿಸುತ್ತದೆ. ಟಿ2 ಎಂಬ ಚಿತ್ರದಲ್ಲಿ ನೀರಿನಂಶ ಹೆಚ್ಚಿರುವ ಸಿಂಬಳ ಬೆಳ್ಳಗೆ ಹೊಳೆಯುತ್ತದೆ, ಗಡ್ಡೆ ಮಸುಕಾಗಿರುತ್ತದೆ. ಕಾಂಟ್ರಾಸ್ಟ್ ಔಷಧ ಕೊಟ್ಟಾಗ ಗಡ್ಡೆಯ ಒಳಗೆಲ್ಲ ಬೆಳಕು ತುಂಬಿಕೊಂಡರೆ, ಬರೀ ಸಿಂಬಳ ತುಂಬಿದ ಸೈನಸ್‌ನಲ್ಲಿ ಅಂಚು ಮಾತ್ರ ಹೊಳೆಯುತ್ತದೆ. ಕಣ್ಣು, ಮೆದುಳಿನ ಹೊದಿಕೆ, ನರದ ಗುಂಟ ಹರಡಿದ ರೋಗ, ಇವುಗಳಿಗೂ ಎಂಆರ್‌ಐ ಬೇಕು.

*ಪೆಟ್ ಸಿಟಿ:* ಕ್ಯಾನ್ಸರ್ ಎಂದು ಖಚಿತವಾದ ಮೇಲೆ ದೇಹದ ಬೇರೆಡೆಗೆ ಹರಡಿದೆಯೇ ಎಂದು ನೋಡಲು, ಚಿಕಿತ್ಸೆಯ ನಂತರ ಮರುಕಳಿಸಿದೆಯೇ ಎಂದು ತಿಳಿಯಲು. ಸೋಂಕು, ಊತ ಇದ್ದರೂ ಇದರಲ್ಲಿ ಬೆಳಕು ಕಾಣುವುದರಿಂದ ರೇಡಿಯೇಷನ್ ಮುಗಿದ ಮೇಲೆ ಸಾಮಾನ್ಯವಾಗಿ ಸುಮಾರು 12 ವಾರ ಕಾದು ಮಾಡುತ್ತಾರೆ.

ಮೊದಲು ಸ್ಕ್ಯಾನ್, ಆಮೇಲೆ ಬಯಾಪ್ಸಿ: ಯಾಕೆ?

'ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರೆ ಆಯ್ತಲ್ಲ, ಸ್ಕ್ಯಾನ್‌ಗೆ ಅಷ್ಟು ದುಡ್ಡು ಯಾಕೆ?' ಎಂದು ಅನೇಕರು ಕೇಳುತ್ತಾರೆ. ಕನಿಷ್ಠ ಎರಡು ಸಂದರ್ಭಗಳಲ್ಲಿ ಈ ಆತುರ ದುಬಾರಿಯಾಗುತ್ತದೆ.

ಮೊದಲನೆಯದು ಹದಿಹರೆಯದ ಹುಡುಗರಲ್ಲಿ ಬರುವ ಆಂಜಿಯೋಫೈಬ್ರೋಮ. ಇದು ಕ್ಯಾನ್ಸರ್ ಅಲ್ಲ, ರಕ್ತನಾಳಗಳೇ ತುಂಬಿದ ಗಡ್ಡೆ. ಬಹುತೇಕ ಹುಡುಗರಿಗೆ ಮಾತ್ರ ಬರುತ್ತದೆ. ಮೂಗು ಕಟ್ಟುವುದು ಮತ್ತು ಧಾರಾಕಾರ ರಕ್ತಸ್ರಾವ ಇದರ ಲಕ್ಷಣ. ಹೊರರೋಗಿ ಕೋಣೆಯಲ್ಲಿ ಇದರ ಚೂರು ಕತ್ತರಿಸಿದರೆ ರಕ್ತ ನಿಲ್ಲಿಸುವುದೇ ಕಷ್ಟವಾಗುತ್ತದೆ. ಸಿಟಿಯಲ್ಲಿ ಇದರ ಗುರುತು ಸ್ಪಷ್ಟ: ಮೂಗಿನ ಹಿಂಬದಿಯ ಸಂದಿ ಅಗಲವಾಗಿರುತ್ತದೆ, ಕೆನ್ನೆಯ ಸೈನಸ್‌ನ ಹಿಂಗೋಡೆ ಮುಂದಕ್ಕೆ ಬಾಗಿರುತ್ತದೆ. ಇದನ್ನು ಹೋಲ್ಮನ್-ಮಿಲ್ಲರ್ ಚಿಹ್ನೆ ಎನ್ನುತ್ತಾರೆ. ಕಾಂಟ್ರಾಸ್ಟ್ ಕೊಟ್ಟರೆ ಗಡ್ಡೆ ಜೋರಾಗಿ ಹೊಳೆಯುತ್ತದೆ. ಹುಡುಗನ ವಯಸ್ಸು, ರಕ್ತಸ್ರಾವ ಮತ್ತು ಸ್ಕ್ಯಾನ್ ಮೂರೂ ಹೊಂದಿದರೆ ಬಯಾಪ್ಸಿ ಇಲ್ಲದೆಯೇ ರೋಗ ತೀರ್ಮಾನವಾಗುತ್ತದೆ. ಆಪರೇಷನ್‌ಗೆ ಒಂದೆರಡು ದಿನ ಮುಂಚೆ ರಕ್ತನಾಳದ ಮೂಲಕ ಹೋಗಿ ಗಡ್ಡೆಗೆ ಬರುವ ರಕ್ತವನ್ನು ಅಡ್ಡಗಟ್ಟುವುದುಂಟು.

ಎರಡನೆಯದು ಪುಟ್ಟ ಮಕ್ಕಳಲ್ಲಿ ಕಾಣುವ ಎನ್ಸೆಫಲೋಸೀಲ್. ಹುಟ್ಟುವಾಗಲೇ ಮೂಗಿನ ಛಾವಣಿಯಲ್ಲಿ ತೂತು ಉಳಿದು, ಅದರ ಮೂಲಕ ಮೆದುಳಿನ ಹೊದಿಕೆ, ಕೆಲವೊಮ್ಮೆ ಮೆದುಳಿನ ಭಾಗವೇ ಕೆಳಗೆ ಜಾರಿರುತ್ತದೆ. ನೋಡುವವರಿಗೆ ಅದು ಪಾಲಿಪ್ ಎಂದೇ ಅನಿಸುತ್ತದೆ. ಮಗು ಅತ್ತಾಗ ಗಂಟು ಉಬ್ಬುವುದು ಒಂದು ಸುಳಿವು. ಇದನ್ನು ಕತ್ತರಿಸಿದರೆ ಮೆದುಳಿನ ನೀರು ಸೋರಿ ಮೆದುಳುಜ್ವರ ಬರಬಹುದು. ಪುಟ್ಟ ಮಕ್ಕಳ ಮೂಗಿನಲ್ಲಿ ಒಂದೇ ಕಡೆ 'ಪಾಲಿಪ್' ಕಂಡರೆ ಮೊದಲು ಎಂಆರ್‌ಐ ಎಂಬುದು ಈ ಕಾರಣಕ್ಕೇ.

ಸ್ಕ್ಯಾನ್ ಮೊದಲು ಮಾಡುವುದರಿಂದ ಇನ್ನೊಂದು ಲಾಭವೂ ಇದೆ. ಬಯಾಪ್ಸಿಯಿಂದ ಆಗುವ ಊತ, ರಕ್ತ ಚಿತ್ರದಲ್ಲಿ ಬೆರೆತು ಗಡ್ಡೆಯ ಗಾತ್ರದ ಬಗ್ಗೆ ಗೊಂದಲ ಉಂಟುಮಾಡುವುದು ತಪ್ಪುತ್ತದೆ.

ಕ್ಯಾನ್ಸರ್‌ನಂತೆ ಕಾಣುವ, ಕ್ಯಾನ್ಸರ್ ಅಲ್ಲದ ರೋಗಗಳು

*ಪಾಲಿಪ್ ಅಥವಾ ದುರ್ಮಾಂಸ:* ಅಲರ್ಜಿಯ ಪಾಲಿಪ್‌ಗಳು ಸಾಮಾನ್ಯವಾಗಿ ಎರಡೂ ಕಡೆ ಇರುತ್ತವೆ. ಒಂದೇ ಕಡೆ ಇದ್ದರೆ, ವಯಸ್ಸು ಚಿಕ್ಕದಿದ್ದರೆ ಅದು ಕೆನ್ನೆಯ ಸೈನಸ್‌ನಲ್ಲಿ ಹುಟ್ಟಿ ಗಂಟಲಿನ ಕಡೆಗೆ ಇಳಿಬಿದ್ದ ಪಾಲಿಪ್ ಆಗಿರಬಹುದು. ಸಿಟಿಯಲ್ಲಿ ಸೈನಸ್‌ನ ಬಾಯಿ ಅಗಲವಾಗಿರುತ್ತದೆ, ಮೂಳೆ ಮುರಿದಿರುವುದಿಲ್ಲ.

*ಅಲರ್ಜಿ ಫಂಗಸ್:* ಸೈನಸ್‌ಗಳು ಉಬ್ಬಿ, ಗೋಡೆ ತೆಳುವಾಗಿ, ಕಣ್ಣು ಮುಂದೆ ಬಂದಿದ್ದರೆ ನೋಡಿದವರು ಕ್ಯಾನ್ಸರ್ ಎಂದೇ ಹೆದರುತ್ತಾರೆ. ಸಿಟಿಯಲ್ಲಿ ಒಳಗೆ ದಟ್ಟ ಬಿಳಿ ಪಟ್ಟೆಗಳು ಕಂಡು, ಅದೇ ಜಾಗ ಎಂಆರ್‌ಐನಲ್ಲಿ ಕಪ್ಪಾಗಿದ್ದರೆ ಅದು ಗಟ್ಟಿಯಾದ ಫಂಗಸ್ ಕೆಸರು.

*ಫಂಗಸ್ ಉಂಡೆ ಮತ್ತು ಮೂಗಿನ ಕಲ್ಲು:* ಒಂದೇ ಸೈನಸ್‌ನಲ್ಲಿ ಸುಣ್ಣದ ಚುಕ್ಕೆಗಳಿರುವ ಉಂಡೆ, ಸುತ್ತ ದಪ್ಪಗಾದ ಮೂಳೆ ಇದ್ದರೆ ಫಂಗಸ್ ಉಂಡೆ. ಮಕ್ಕಳು ಮೂಗಿಗೆ ತುರುಕಿಕೊಂಡ ಮಣಿ, ಬೀಜಗಳ ಸುತ್ತ ವರ್ಷಗಟ್ಟಲೆ ಸುಣ್ಣ ಕಟ್ಟಿ ಕಲ್ಲಾಗುವುದೂ ಉಂಟು. ಒಂದೇ ಕಡೆಯಿಂದ ದುರ್ವಾಸನೆಯ ಸಿಂಬಳ ಇದರ ಲಕ್ಷಣ.

*ರೈನೋಸ್ಪೋರಿಡಿಯೋಸಿಸ್:* ಇದು ನಮ್ಮ ಕಡೆಯ ರೋಗ. ದಕ್ಷಿಣ ಭಾರತ ಮತ್ತು ಶ್ರೀಲಂಕಾ ಇದರ ತವರು. 1900ರಲ್ಲಿ ಅರ್ಜೆಂಟೀನಾದಲ್ಲಿ ಗಿಯೆರ್ಮೋ ಸೀಬರ್ ಮೊದಲು ವಿವರಿಸಿದ್ದರಿಂದ ರೋಗಾಣುವಿಗೆ ಅವರ ಹೆಸರಿದೆ. ಬಹುಕಾಲ ಫಂಗಸ್ ಎಂದೇ ನಂಬಿದ್ದರು. ಈಗ ಅದು ಬೇರೆಯೇ ಜಾತಿಯ ಸೂಕ್ಷ್ಮಜೀವಿ ಎಂದು ತಿಳಿದಿದೆ. ಕೆರೆ, ಕುಂಟೆಗಳ ನಿಂತ ನೀರಿನಲ್ಲಿ ಈಜುವವರಲ್ಲಿ, ದನ ತೊಳೆಯುವವರಲ್ಲಿ, ಹೊಳೆ ಮರಳು ತೆಗೆಯುವವರಲ್ಲಿ ಹೆಚ್ಚು. ಮೂಗಿನೊಳಗೆ ಬಿಳಿ ಚುಕ್ಕೆಗಳಿರುವ ಕೆಂಪು ಗಡ್ಡೆ, ಥೇಟ್ ಸ್ಟ್ರಾಬೆರಿ ಹಣ್ಣಿನಂತೆ. ಮುಟ್ಟಿದರೆ ರಕ್ತ. ಸ್ಕ್ಯಾನ್‌ನಲ್ಲಿ ಮೂಗಿನ ತಳ ಮತ್ತು ಕೆಳಭಾಗದಿಂದ ಹಿಂದಕ್ಕೆ ಚಾಚಿದ ಗಂಟುಗಂಟಾದ ಗಡ್ಡೆ ಕಾಣುತ್ತದೆ. ಕೆಲವರಲ್ಲಿ ಕಣ್ಣೀರಿನ ನಾಳಕ್ಕೂ ಹಬ್ಬಿರುತ್ತದೆ. ಬುಡಸಮೇತ ತೆಗೆದು ಆ ಜಾಗ ಸುಡದಿದ್ದರೆ ಮತ್ತೆ ಬರುತ್ತದೆ. ಬುಡಗಳು ಎಲ್ಲೆಲ್ಲಿವೆ ಎಂದು ಮೊದಲೇ ತಿಳಿಯಲು ಸಿಟಿ ಬೇಕು. 'ಕೆರೆಯಲ್ಲಿ ಈಜುವ ಅಭ್ಯಾಸವಿದೆಯೇ?' ಎಂದು ವೈದ್ಯರು ಕೇಳಿದರೆ ಅದು ಲೋಕಾಭಿರಾಮದ ಮಾತಲ್ಲ.

*ಬ್ಲ್ಯಾಕ್ ಫಂಗಸ್:* 2021ರ ಕೋವಿಡ್ ಎರಡನೇ ಅಲೆ ಮರೆಯುವಂತಿಲ್ಲ. ಆ ಮೇ ತಿಂಗಳಲ್ಲಿ ಕೇಂದ್ರದ ಸೂಚನೆಯಂತೆ ರಾಜ್ಯಗಳು ಮ್ಯೂಕರ್‌ಮೈಕೋಸಿಸ್ ರೋಗವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿದವು. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರು, ಸ್ಟೀರಾಯ್ಡ್ ಪಡೆದವರು ಹೆಚ್ಚಾಗಿ ಬಲಿಯಾದರು. ಈ ಫಂಗಸ್ ರಕ್ತನಾಳವನ್ನೇ ಮುಚ್ಚಿ ಅಂಗವನ್ನು ಸಾಯಿಸುತ್ತದೆ. ಹಾಗಾಗಿ ಕಾಂಟ್ರಾಸ್ಟ್ ಎಂಆರ್‌ಐನಲ್ಲಿ ಹೊಳೆಯಬೇಕಾದ ಮೂಗಿನ ಒಳಪದರ ಕಪ್ಪಾಗಿಯೇ ಉಳಿಯುತ್ತದೆ. ಆರಂಭದಲ್ಲಿ ಸಿಟಿಯಲ್ಲಿ ಸ್ವಲ್ಪ ದಪ್ಪಗಾದ ಪದರ ಬಿಟ್ಟರೆ ಬೇರೇನೂ ಕಾಣದಿರಬಹುದು. ಸೈನಸ್‌ನ ಸುತ್ತಲಿನ ಕೊಬ್ಬು ಕದಡಿದಂತೆ ಕಂಡರೆ ಮೂಳೆ ಗಟ್ಟಿಯಿದ್ದರೂ ಎಚ್ಚರಿಕೆ ಬೇಕು. ಇಲ್ಲಿ ವಾರಗಳ ಲೆಕ್ಕವಿಲ್ಲ, ಗಂಟೆಗಳ ಲೆಕ್ಕ.

*ರಕ್ತನಾಳಗಳ ಉರಿಯೂತ:* ಗ್ರ್ಯಾನುಲೋಮಟೋಸಿಸ್ ಎಂಬ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಮೂಗಿನ ನಡುಗೋಡೆಯನ್ನು ತಿಂದು ತೂತು ಮಾಡುತ್ತದೆ. ಶ್ವಾಸಕೋಶ, ಕಿಡ್ನಿಗೂ ತೊಂದರೆ ಇರಬಹುದು. ಎಎನ್‌ಸಿಎ ಎಂಬ ರಕ್ತಪರೀಕ್ಷೆ ನೆರವಾಗುತ್ತದೆ.

*ಇನ್ವರ್ಟೆಡ್ ಪ್ಯಾಪಿಲೋಮ:* ಇದು ಎರಡರ ನಡುವಿನದು. ಗಡ್ಡೆ ಕ್ಯಾನ್ಸರ್ ಅಲ್ಲ, ಆದರೆ ಪೂರ್ತಿ ತೆಗೆಯದಿದ್ದರೆ ಮತ್ತೆ ಬೆಳೆಯುತ್ತದೆ. ಸುಮಾರು ಶೇ 5ರಿಂದ 15 ಜನರಲ್ಲಿ ಕ್ಯಾನ್ಸರ್ ಜೊತೆಗಿರುತ್ತದೆ ಅಥವಾ ಮುಂದೆ ಬರುತ್ತದೆ. ಎಂಆರ್‌ಐನಲ್ಲಿ ಮೆದುಳಿನ ಸುರುಳಿಯಂಥ ಗೆರೆಗಳು ಕಾಣುವುದು ಇದರ ವಿಶೇಷ. ಒಂದು ಭಾಗದಲ್ಲಿ ಆ ಗೆರೆಗಳು ಅಳಿಸಿಹೋಗಿದ್ದರೆ ಅಲ್ಲಿ ಕ್ಯಾನ್ಸರ್ ಅನುಮಾನ. ಸಿಟಿಯಲ್ಲಿ ಮೂಳೆ ಒಂದೇ ಜಾಗದಲ್ಲಿ ದಪ್ಪಗಾಗಿದ್ದರೆ ಗಡ್ಡೆಯ ಬುಡ ಅಲ್ಲಿದೆ ಎಂದು ಸರ್ಜನ್‌ಗೆ ಸುಳಿವು ಸಿಗುತ್ತದೆ.

ಕ್ಯಾನ್ಸರ್ ಆಗಿದ್ದರೆ

ಎಲ್ಲಕ್ಕಿಂತ ಸಾಮಾನ್ಯವಾದದ್ದು ಸ್ಕ್ವಾಮಸ್ ಸೆಲ್ ಕಾರ್ಸಿನೋಮ. ಹೆಚ್ಚಾಗಿ ಕೆನ್ನೆಯ ಸೈನಸ್‌ನಲ್ಲಿ ಹುಟ್ಟಿ ಮೂಳೆಯನ್ನು ನುಂಗುತ್ತಾ ಹೋಗುತ್ತದೆ. ವಾಸನೆಯ ನರದ ಜಾಗದಲ್ಲಿ ಹುಟ್ಟುವ ನ್ಯೂರೋಬ್ಲಾಸ್ಟೋಮ ಮೂಗಿನ ಛಾವಣಿ ದಾಟಿ ಮೇಲೊಂದು ಗುಂಡು, ಕೆಳಗೊಂದು ಗುಂಡು ಆಗಿ ಡಂಬೆಲ್ಲಿನಂತೆ ಕಾಣುತ್ತದೆ. ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮ ನರದ ಗುಂಟ ಸದ್ದಿಲ್ಲದೆ ತೆವಳುತ್ತದೆ. ಮೆಲನೋಮ ತನ್ನ ಬಣ್ಣದ ಅಂಶದಿಂದಾಗಿ ಟಿ1 ಎಂಬ ಎಂಆರ್‌ಐ ಚಿತ್ರದಲ್ಲಿ ಬೆಳ್ಳಗೆ ಕಾಣಬಹುದು.

ಲಿಂಫೋಮವನ್ನು ಗುರುತಿಸುವುದು ವಿಶೇಷವಾಗಿ ಮುಖ್ಯ, ಯಾಕೆಂದರೆ ಅದಕ್ಕೆ ಕೀಮೋಥೆರಪಿ, ರೇಡಿಯೇಷನ್ ಮುಖ್ಯ ಚಿಕಿತ್ಸೆ. ಅದನ್ನು ಬೇರೆ ಕ್ಯಾನ್ಸರ್ ಎಂದುಕೊಂಡು ದೊಡ್ಡ ಆಪರೇಷನ್ ಮಾಡಿದರೆ ಮುಖ ವಿರೂಪವಾಗುತ್ತದೆ, ಗುಣವಾಗುವುದಿಲ್ಲ. ಸ್ಕ್ಯಾನ್ ಎಷ್ಟೇ ಸ್ಪಷ್ಟವಿದ್ದರೂ ಕ್ಯಾನ್ಸರ್ ಚಿಕಿತ್ಸೆಗೆ ಮುನ್ನ ಬಯಾಪ್ಸಿ ವರದಿ ಕೈಯಲ್ಲಿರಲೇಬೇಕು.

ಸ್ಕ್ಯಾನ್ ಎಡವುವುದು ಎಲ್ಲಿ?

ಎಂಆರ್‌ಐನಲ್ಲಿ ಗಾಳಿ ಕಪ್ಪಗೆ ಕಾಣುತ್ತದೆ. ಒಣಗಿ ಗಟ್ಟಿಯಾದ ಫಂಗಸ್ ಕೆಸರು ಕೂಡ ಅಷ್ಟೇ ಕಪ್ಪು. ಹೀಗಾಗಿ ಎಂಆರ್‌ಐ ಒಂದನ್ನೇ ನೋಡಿ 'ಸೈನಸ್ ಖಾಲಿ ಇದೆ' ಎಂದು ತಪ್ಪು ತಿಳಿಯುವ ಅಪಾಯವಿದೆ. ಪಕ್ಕದಲ್ಲಿ ಸಿಟಿ ಇಟ್ಟರೆ ಗುಟ್ಟು ರಟ್ಟಾಗುತ್ತದೆ. ಇನ್ನೊಂದೆಡೆ, ಬೇರೆ ಕಾರಣಕ್ಕೆ ಮಾಡಿಸಿದ ಸ್ಕ್ಯಾನ್ ವರದಿಯಲ್ಲಿ 'ಮ್ಯೂಕೋಸಲ್ ಥಿಕ್ನಿಂಗ್' ಎಂದು ಕಂಡು ಜನ ಗಾಬರಿಯಾಗುತ್ತಾರೆ. ಸಾಮಾನ್ಯ ನೆಗಡಿಗೂ ಹಾಗೆ ಕಾಣುತ್ತದೆ. 'ಬೋನ್ ಎರೋಷನ್', 'ಡಿಸ್ಟ್ರಕ್ಷನ್', 'ಆರ್ಬಿಟಲ್ ಎಕ್ಸ್‌ಟೆನ್ಷನ್' ಎಂಬ ಪದಗಳಿದ್ದರೆ ಮಾತ್ರ ಅದೇ ದಿನ ವೈದ್ಯರಿಗೆ ತೋರಿಸಿ.

ಸ್ಕ್ಯಾನ್‌ಗೆ ಹೋಗುವ ಮುನ್ನ

- ಕಾಂಟ್ರಾಸ್ಟ್ ಕೊಡುವುದಿದ್ದರೆ ಕಿಡ್ನಿ ಸ್ಥಿತಿ ತಿಳಿಯಲು ಕ್ರಿಯಾಟಿನಿನ್ ಪರೀಕ್ಷೆ ಕೇಳುತ್ತಾರೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ.
- ಹಿಂದೆ ಇಂಥ ಔಷಧಕ್ಕೆ ಅಲರ್ಜಿ ಆಗಿದ್ದರೆ, ಆಸ್ತಮಾ ಇದ್ದರೆ ಮುಚ್ಚಿಡಬೇಡಿ.
- ಪೇಸ್‌ಮೇಕರ್, ಕಿವಿಯೊಳಗಿನ ಇಂಪ್ಲಾಂಟ್, ದೇಹದಲ್ಲಿ ಲೋಹದ ಚೂರು ಇದ್ದರೆ ಎಂಆರ್‌ಐ ಕೋಣೆಗೆ ಕಾಲಿಡುವ ಮೊದಲೇ ಹೇಳಿ.
- ಗರ್ಭಿಣಿಯಾಗಿದ್ದರೆ ಅಥವಾ ಆ ಸಾಧ್ಯತೆ ಇದ್ದರೆ ತಿಳಿಸಿ.
- ಫಿಲ್ಮ್ ಜೊತೆ ಸಿಡಿಯನ್ನೂ ಕೇಳಿ ಪಡೆಯಿರಿ. ಫಿಲ್ಮ್‌ನಲ್ಲಿ ಆಯ್ದ ಚಿತ್ರಗಳು ಮಾತ್ರ ಇರುತ್ತವೆ, ಸಿಡಿಯಲ್ಲಿ ಎಲ್ಲ ಹೋಳುಗಳೂ ಇರುತ್ತವೆ. ಇನ್ನೊಂದು ಊರಿನ ಆಸ್ಪತ್ರೆಗೆ ಹೋದಾಗ ಸ್ಕ್ಯಾನ್ ಮತ್ತೆ ಮಾಡಿಸುವ ಖರ್ಚು ಉಳಿಯಬಹುದು.

ಎಲ್ಲಿಗೆ ಹೋಗಬೇಕು?

ವಿಶಾಖಪಟ್ಟಣದ ಹಳೆಯ ಊರಿನವರಿಗೆ ಹತ್ತಿರದ ದೊಡ್ಡ ಸರ್ಕಾರಿ ಆಸ್ಪತ್ರೆ ಎಂದರೆ 1923ರಲ್ಲಿ ಆರಂಭವಾದ ಕಿಂಗ್ ಜಾರ್ಜ್ ಆಸ್ಪತ್ರೆ. ಆಂಧ್ರ ವೈದ್ಯಕೀಯ ಕಾಲೇಜು ಇದಕ್ಕೆ ಹೊಂದಿಕೊಂಡಿದೆ. ವಾಲ್ತೇರು ಕಡೆ ಸರ್ಕಾರಿ ಇಎನ್‌ಟಿ ಆಸ್ಪತ್ರೆಯೇ ಪ್ರತ್ಯೇಕವಾಗಿದೆ. ಕ್ಯಾನ್ಸರ್ ಖಚಿತವಾದರೆ ಅಗನಂಪೂಡಿಯಲ್ಲಿ ಟಾಟಾ ಸ್ಮಾರಕ ಕೇಂದ್ರ ನಡೆಸುವ ಹೋಮಿ ಭಾಭಾ ಕ್ಯಾನ್ಸರ್ ಆಸ್ಪತ್ರೆ ಇದೆ. ವಿಜಯವಾಡದವರಿಗೆ ಅಲ್ಲಿನ ಸರ್ಕಾರಿ ಜನರಲ್ ಆಸ್ಪತ್ರೆ ಮತ್ತು ಗುಂಟೂರು ಸರ್ಕಾರಿ ಆಸ್ಪತ್ರೆಯ ಕ್ಯಾನ್ಸರ್ ಕೇಂದ್ರ ಹತ್ತಿರ. ಕರ್ನಾಟಕದಲ್ಲಿ ಬೆಂಗಳೂರಿನ ಕಿದ್ವಾಯಿ ಮತ್ತು ಅದರ ಕಲಬುರಗಿ ಕೇಂದ್ರಗಳಿವೆ. ಆಂಧ್ರದ ಎನ್‌ಟಿಆರ್ ವೈದ್ಯ ಸೇವಾ, ನಮ್ಮಲ್ಲಿನ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಗಳಲ್ಲಿ ಯಾವ ಸ್ಕ್ಯಾನ್, ಯಾವ ಚಿಕಿತ್ಸೆ ಸೇರುತ್ತದೆ ಎಂಬುದನ್ನು ಆಸ್ಪತ್ರೆಯ ಆರೋಗ್ಯ ಮಿತ್ರ ಕೌಂಟರ್‌ನಲ್ಲಿ ಮೊದಲೇ ವಿಚಾರಿಸಿ. ಒಂದು ರಾಜ್ಯದ ಕಾರ್ಡ್ ಇನ್ನೊಂದು ರಾಜ್ಯದಲ್ಲಿ ನಡೆಯುತ್ತದೆಯೇ ಎಂಬುದನ್ನೂ ಅಲ್ಲೇ ಕೇಳಿ.

ವೈದ್ಯರ ಮುಂದೆ ಕುಳಿತಾಗ ಮೂರು ಪ್ರಶ್ನೆ ಸಾಕು: ಗಡ್ಡೆ ಎಲ್ಲಿಂದ ಹುಟ್ಟಿದೆ? ಮೂಳೆ, ಕಣ್ಣು, ಮೆದುಳು ಮುಟ್ಟಿದೆಯೇ? ಬಯಾಪ್ಸಿ ಮಾಡುವುದು ಸುರಕ್ಷಿತವೇ?

ಒಂದು ಹೊಳ್ಳೆ ಕಟ್ಟಿದವರಿಗೆಲ್ಲ ಕ್ಯಾನ್ಸರ್ ಇರುವುದಿಲ್ಲ. ಹೆಚ್ಚಿನವರು ಪಾಲಿಪ್ ತೆಗೆಸಿಕೊಂಡೋ, ಫಂಗಸ್ ಸ್ವಚ್ಛ ಮಾಡಿಸಿಕೊಂಡೋ, ವಕ್ರವಾದ ನಡುಗೋಡೆಯ ಬಗ್ಗೆ ನಾಲ್ಕು ಮಾತು ಕೇಳಿಕೊಂಡೋ ಮನೆಗೆ ಹೋಗುತ್ತಾರೆ. ಆದರೆ ಆ ಸಮಾಧಾನ ಪರೀಕ್ಷೆ ಮಾಡಿಸಿದ ಮೇಲೆ ಬರಬೇಕೇ ಹೊರತು ಡ್ರಾಪ್ಸ್ ಬಾಟಲಿಯಿಂದಲ್ಲ. ಮೂರು ವಾರ ದಾಟಿದರೂ ಒಂದೇ ಕಡೆ ಮೂಗು ಕಟ್ಟಿದ್ದರೆ ಇಎನ್‌ಟಿ ವೈದ್ಯರ ಚೀಟಿ ಮಾಡಿಸಿ. ರಕ್ತ ಬರುತ್ತಿದ್ದರೆ ಅಷ್ಟೂ ಕಾಯಬೇಡಿ.